ಐನೂರ ಮೂವತ್ತೇಳು ಮತ, ಒಂಬತ್ತು ನ್ಯಾಯಮೂರ್ತಿಗಳು



ನಮ್ಮ ಕನ್ನಡ ಕೂಟದ ಯಾವ ಸಮಾರಂಭಕ್ಕೆ ಬೇಕಾದರೂ ಹೋಗಿ ನೋಡಿ, ಬಿಸಿಬೇಳೆಭಾತ್ ತಟ್ಟೆಗೆ ಬೀಳುವ ಹೊತ್ತಿಗೆ ರಾಜಕೀಯ ಶುರುವಾಗಿರುತ್ತದೆ. ಮಾತು ಸುತ್ತಿ ಬಳಸಿ ಅಮೆರಿಕದ ಸುಪ್ರೀಂ ಕೋರ್ಟಿಗೆ ಬಂದಾಗ ಯಾರಾದರೊಬ್ಬರು ಕೈ ಒದರಿ ಹೇಳುತ್ತಾರೆ: "ಬಿಡಿ ಸಾರ್, ಇಲ್ಲಿ ಜಡ್ಜುಗಳೂ ಪಾರ್ಟಿಯವರೇ. ಯಾವ ಪ್ರೆಸಿಡೆಂಟ್ ನೇಮಿಸಿದ್ದು ಅಂತ ನೀವು ಹೇಳಿ, ತೀರ್ಪು ಏನು ಬರುತ್ತೆ ಅಂತ ನಾನು ಹೇಳ್ತೀನಿ." ಎಲ್ಲರೂ ನಗುತ್ತಾರೆ. ಮಾತು ಮೊಸರನ್ನದ ಕಡೆ ಹೊರಳುತ್ತದೆ.

ಈ ಮಾತನ್ನು ನಗೆಯಲ್ಲಿ ತೇಲಿಸಿಬಿಡಲು ನನಗೇಕೋ ಮನಸ್ಸು ಬರುವುದಿಲ್ಲ. ನಮ್ಮಲ್ಲಿ ಎಷ್ಟೋ ಜನ ಗ್ರೀನ್ ಕಾರ್ಡಿಗಾಗಿ ವರ್ಷಗಟ್ಟಲೆ ಕಾದು, ಆಮೇಲೆ ಕೈ ಎತ್ತಿ ಪ್ರಮಾಣ ಮಾಡಿ, ಇಲ್ಲಿನ ಪ್ರಜೆಗಳಾಗಿ ಮತ ಹಾಕುತ್ತಿದ್ದೇವೆ. ಹಾಕಿದ ಮತದ ಎಣಿಕೆಯಲ್ಲಿ ತಕರಾರು ಬಂದರೆ ಕೊನೆಗೆ ಅದು ಹೋಗಿ ನಿಲ್ಲುವುದು ಕೋರ್ಟಿನ ಬಾಗಿಲಿಗೆ. ಕೋರ್ಟೂ ಒಂದು ಪಾರ್ಟಿ ಆಫೀಸೇ ಆಗಿಬಿಟ್ಟರೆ ನವೆಂಬರಿನ ಚಳಿಯಲ್ಲಿ ಸಾಲು ನಿಲ್ಲುವುದಾದರೂ ಯಾಕೆ? ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯುವವರು ಯಾರು?

ನಾನು ಕಾನೂನು ಓದಿದವನಲ್ಲ. ಇಂಜಿನಿಯರಿಂಗ್ ಮುಗಿಸಿ, ಪ್ರೋಗ್ರಾಂ ಬರೆದು ಹೊಟ್ಟೆ ಹೊರೆಯುವವನು. ಈಗ ಹೇಳಲು ಹೊರಟಿರುವ ಗಲಾಟೆ ನಡೆದಾಗ ನಾನು ಊರಿನಲ್ಲಿ ಶಾಲೆಗೆ ಹೋಗುತ್ತಿದ್ದ ಹುಡುಗ. ತೀರ್ಪನ್ನೂ ಭಿನ್ನಮತಗಳನ್ನೂ ಓದಿದ್ದು ಈ ದೇಶಕ್ಕೆ ಬಂದ ಮೇಲೆ. ಓದುತ್ತಾ ಹೋದಂತೆ ಒಂದು ಮಾತು ಮನಸ್ಸಿನಲ್ಲಿ ಗಟ್ಟಿಯಾಯಿತು. ನ್ಯಾಯಾಧೀಶರು ಪಕ್ಷಪಾತ ಮಾಡಿದರೋ ಇಲ್ಲವೋ ಎಂದು ತಿಳಿಯಲು ಅವರನ್ನು ನೇಮಿಸಿದವರು ಯಾರೆಂದು ನೋಡಿದರೆ ಸಾಲದು, ತೀರ್ಪಿನಿಂದ ಗೆದ್ದವರು ಯಾರೆಂದು ನೋಡಿದರೂ ಸಾಲದು. ಅದಕ್ಕಿಂತ ಸರಳವಾದ ಒಂದು ಪರೀಕ್ಷೆ ಇದೆ. ಅದಕ್ಕೆ ಮುಂಚೆ ಕಥೆ ಕೇಳಿ.

ಫ್ಲೋರಿಡಾದಲ್ಲಿ ಆಗಿದ್ದೇನು?

2000ನೇ ಇಸವಿ ನವೆಂಬರ್ 7. ಒಂದು ಕಡೆ ರಿಪಬ್ಲಿಕನ್ ಪಕ್ಷದ ಜಾರ್ಜ್ ಬುಷ್, ಇನ್ನೊಂದು ಕಡೆ ಡೆಮಾಕ್ರಟಿಕ್ ಪಕ್ಷದ ಆಲ್ ಗೋರ್. ಇಲ್ಲಿನ ಪದ್ಧತಿ ನಿಮಗೆ ಗೊತ್ತೇ ಇದೆ. ದೇಶದಾದ್ಯಂತ ಯಾರಿಗೆ ಹೆಚ್ಚು ಮತ ಬಂತು ಎನ್ನುವುದು ಲೆಕ್ಕಕ್ಕಿಲ್ಲ. 538 ಎಲೆಕ್ಟೋರಲ್ ಮತಗಳಲ್ಲಿ 270 ಸಿಕ್ಕಿದವರು ಅಧ್ಯಕ್ಷರು. ದೇಶದ ಒಟ್ಟು ಮತಗಳಲ್ಲಿ ಗೋರ್ ಐದು ಲಕ್ಷಕ್ಕೂ ಹೆಚ್ಚು ಮುಂದಿದ್ದರು. ಆದರೆ ಬೇರೆ ರಾಜ್ಯಗಳ ಲೆಕ್ಕವೆಲ್ಲ ಮುಗಿದ ಮೇಲೆ ಗೋರ್‌ಗೆ 267, ಬುಷ್‌ಗೆ 246. ಉಳಿದದ್ದು ಫ್ಲೋರಿಡಾದ 25. ಅದು ಯಾರ ಮಡಿಲಿಗೆ ಬಿದ್ದರೆ ಅವರಿಗೆ ಶ್ವೇತಭವನ!

ಆ ರಾತ್ರಿ ಟಿವಿಯವರು ಫ್ಲೋರಿಡಾವನ್ನು ಮೊದಲು ಗೋರ್‌ಗೆ ಕೊಟ್ಟು ವಾಪಸ್ ಕಿತ್ತುಕೊಂಡರು. ನಡುರಾತ್ರಿ ಕಳೆದ ಮೇಲೆ ಬುಷ್‌ಗೆ ಕೊಟ್ಟು ಅದನ್ನೂ ವಾಪಸ್ ತೆಗೆದುಕೊಂಡರು. ಗೋರ್ ಸೋಲೊಪ್ಪಿಕೊಳ್ಳಲು ಬುಷ್‌ಗೆ ಫೋನ್ ಮಾಡಿದವರು ಸ್ವಲ್ಪ ಹೊತ್ತಿನಲ್ಲೇ ಮತ್ತೆ ಫೋನ್ ಮಾಡಿ ಆ ಮಾತನ್ನು ಹಿಂದಕ್ಕೆ ಪಡೆದರು. ಮೊದಲ ಎಣಿಕೆಯಲ್ಲಿ ಬುಷ್ ಮುಂದಿದ್ದದ್ದು 1,784 ಮತಗಳಿಂದ. ಅಂತರ ಇಷ್ಟು ಕಡಿಮೆಯಿದ್ದರೆ ಮರುಎಣಿಕೆ ಆಗಲೇಬೇಕೆಂದು ಅಲ್ಲಿನ ಕಾನೂನು. ಯಂತ್ರದಲ್ಲಿ ಮತ್ತೊಮ್ಮೆ ಎಣಿಸಿದಾಗ ಅಂತರ ಕೆಲವು ನೂರಕ್ಕೆ ಇಳಿಯಿತು. ಕೊನೆಗೆ ನವೆಂಬರ್ 26ರಂದು ರಾಜ್ಯದ ಕಾರ್ಯದರ್ಶಿ ಕ್ಯಾಥರೀನ್ ಹ್ಯಾರಿಸ್ ಸಹಿ ಹಾಕಿದ ಅಂತರ 537. ಹಾಕಿದ್ದ ಮತ ಸುಮಾರು 60 ಲಕ್ಷ. ಅಂದರೆ ಹನ್ನೊಂದು ಸಾವಿರ ಮತಕ್ಕೆ ಒಂದು ಮತದ ವ್ಯತ್ಯಾಸ.

ಅಂದ ಹಾಗೆ, ಈ ಹ್ಯಾರಿಸ್ ಫ್ಲೋರಿಡಾದಲ್ಲಿ ಬುಷ್ ಪ್ರಚಾರ ಸಮಿತಿಯ ಸಹ ಅಧ್ಯಕ್ಷೆಯೂ ಆಗಿದ್ದರು. ರಾಜ್ಯಪಾಲ ಜೆಬ್ ಬುಷ್, ಅಭ್ಯರ್ಥಿಯ ಸ್ವಂತ ತಮ್ಮ. ಇದೇನು ಅನ್ಯಾಯ ಎನ್ನುವ ಮುಂಚೆ ಇದನ್ನೂ ಕೇಳಿ: ಅದೇ ರಾಜ್ಯದ ಅಟಾರ್ನಿ ಜನರಲ್ ಬಾಬ್ ಬಟರ್‌ವರ್ತ್ ಗೋರ್ ಅವರ ಪ್ರಚಾರದ ಮುಖ್ಯಸ್ಥ! ಇಲ್ಲಿ ಚುನಾವಣೆ ನಡೆಸುವವರೂ ಪಕ್ಷದಿಂದಲೇ ಬರುತ್ತಾರೆ. ನಮ್ಮ ಕಡೆಯ ಚುನಾವಣಾ ಆಯೋಗದಂತೆ ಇಡೀ ದೇಶದ ಮತದಾನ ನಡೆಸುವ ಒಂದೇ ಸಂಸ್ಥೆ ಇಲ್ಲಿಲ್ಲ. ಆದ್ದರಿಂದ ಜಗಳ ಕೋರ್ಟಿಗೆ ಬೇಗ ಹೋಗುತ್ತದೆ, ಕೋರ್ಟಿನ ಮೇಲೆ ಭಾರವೂ ಹೆಚ್ಚು ಬೀಳುತ್ತದೆ.

ಅಡಿಕೆ ತೂಗುವ ತಕ್ಕಡಿಯಲ್ಲಿ ಚಿನ್ನ

ಆಗ ಫ್ಲೋರಿಡಾದ ಅನೇಕ ಕೌಂಟಿಗಳಲ್ಲಿ ಪಂಚ್ ಕಾರ್ಡ್ ಬಳಕೆಯಲ್ಲಿತ್ತು. ಒಂದು ಕಡ್ಡಿಯಿಂದ ಕಾರ್ಡಿಗೆ ತೂತು ಹೊಡೆಯಬೇಕು, ಯಂತ್ರ ಆ ತೂತನ್ನು ಓದುತ್ತದೆ. ತೂತು ಹೊಡೆದಾಗ ಬೀಳುವ ಕಾಗದದ ಚೂರಿಗೆ ಚ್ಯಾಡ್ ಎಂದು ಹೆಸರು. ಚೂರು ಪೂರ್ತಿ ಬೀಳದೆ ನೇತಾಡುತ್ತಿದ್ದರೆ, ಅಥವಾ ಕಾರ್ಡಿನ ಮೇಲೆ ಬರೀ ಗುಳಿ ಬಿದ್ದಿದ್ದರೆ, ಯಂತ್ರಕ್ಕೆ ಏನೂ ಕಾಣುವುದಿಲ್ಲ. ಅಂಥ ಚೀಟಿ ಅಂಡರ್‌ವೋಟ್. ಇಬ್ಬರ ಹೆಸರಿಗೆ ತೂತು ಬಿದ್ದಿದ್ದರೆ ಓವರ್‌ವೋಟ್. ಎರಡೂ ಲೆಕ್ಕಕ್ಕಿಲ್ಲ. ಇಂಥವು ರಾಜ್ಯದಲ್ಲಿ ಸುಮಾರು 1,75,000 ಇದ್ದವು. ಅಂತರ 537, ಲೆಕ್ಕಕ್ಕೆ ಬಾರದ ಚೀಟಿ ಅದರ ಮುನ್ನೂರಕ್ಕೂ ಹೆಚ್ಚು ಪಟ್ಟು!

ಲ್ಯಾಬಿನಲ್ಲಿ ಕೆಲಸ ಮಾಡಿದ ಯಾರನ್ನಾದರೂ ಕೇಳಿ. ಅಳೆಯುವ ವಸ್ತುವಿಗಿಂತ ಅಳತೆಗೋಲಿನ ದೋಷವೇ ದೊಡ್ಡದಾಗಿದ್ದರೆ ಉತ್ತರಕ್ಕೆ ಅರ್ಥವಿಲ್ಲ. ಅಡಿಕೆ ಮೂಟೆ ತೂಗುವ ತಕ್ಕಡಿಯಲ್ಲಿ ಮೂಗುತಿ ತೂಗಿದ ಹಾಗೆ. ಅದಕ್ಕೇ ಕೈಯಲ್ಲಿ ಎಣಿಸಬೇಕೆಂಬ ಬೇಡಿಕೆ ಬಂತು.

ಇಲ್ಲಿ ಎರಡೂ ಪಕ್ಷದವರ ಜಾಣತನ ನೋಡಿ. ಗೋರ್ ಕಡೆಯವರು ಇಡೀ ರಾಜ್ಯದಲ್ಲಿ ಕೈ ಎಣಿಕೆ ಕೇಳಲಿಲ್ಲ. ಪಾಮ್ ಬೀಚ್, ಬ್ರೊವಾರ್ಡ್, ಮಯಾಮಿ-ಡೇಡ್, ವೊಲೂಸಿಯಾ, ಈ ನಾಲ್ಕೇ ಕೌಂಟಿಗಳಲ್ಲಿ ಕೇಳಿದರು. ನಾಲ್ಕೂ ಅವರಿಗೆ ಒಲವಿದ್ದ ಜಾಗ. ಬುಷ್ ಕಡೆಯವರು ಕೈ ಎಣಿಕೆಯಲ್ಲಿ ನಿಯಮ ಕೂದಲೆಳೆಯಷ್ಟೂ ಸಡಿಲವಾಗಬಾರದೆಂದರು. ಅದೇ ಹೊರದೇಶದಲ್ಲಿದ್ದ ಸೈನಿಕರ ಅಂಚೆ ಮತಗಳು ಬಂದಾಗ, ಪೋಸ್ಟ್‌ಮಾರ್ಕ್ ಇಲ್ಲದಿದ್ದರೂ ಪರವಾಗಿಲ್ಲ, ಎಣಿಸಿ ಎಂದರು. ಅಲ್ಲಿ ಗೋರ್ ಕಡೆಯವರು ನಿಯಮದ ಪುಸ್ತಕ ತೆಗೆದರು! ಪಕ್ಷಗಳು ಹೀಗೇ ಮಾಡುತ್ತವೆ, ಅದು ಅವುಗಳ ಹುಟ್ಟುಗುಣ. ಪ್ರಶ್ನೆ ಇರುವುದು ಕಪ್ಪು ಗೌನು ತೊಟ್ಟವರ ಬಗ್ಗೆ.

ಕೋರ್ಟಿನಿಂದ ಕೋರ್ಟಿಗೆ

ಡಿಸೆಂಬರ್ 8ರಂದು ಫ್ಲೋರಿಡಾದ ಸುಪ್ರೀಂ ಕೋರ್ಟು 4-3ರ ಬಹುಮತದಿಂದ ಆಜ್ಞೆ ಮಾಡಿತು: ಇಡೀ ರಾಜ್ಯದ ಅಂಡರ್‌ವೋಟ್‌ಗಳನ್ನು ಕೈಯಲ್ಲಿ ಎಣಿಸಿ. ಮರುದಿನ ಬೆಳಿಗ್ಗೆ ಎಣಿಕೆ ಶುರುವಾಯಿತು. ಅದೇ ದಿನ ಮಧ್ಯಾಹ್ನ ವಾಷಿಂಗ್ಟನ್ನಿನ ಸುಪ್ರೀಂ ಕೋರ್ಟು 5-4ರಿಂದ ತಡೆಯಾಜ್ಞೆ ಕೊಟ್ಟು ಎಣಿಕೆ ನಿಲ್ಲಿಸಿತು. ನ್ಯಾಯಮೂರ್ತಿ ಸ್ಕಾಲಿಯಾ ಬರೆದ ಕಾರಣ ಇದು: ಸಿಂಧುವೋ ಅಲ್ಲವೋ ಗೊತ್ತಿಲ್ಲದ ಮತಗಳನ್ನು ಎಣಿಸುತ್ತಾ ಹೋದರೆ ಬುಷ್ ಅವರ ಗೆಲುವಿನ ಮೇಲೆ ಅನುಮಾನದ ಮೋಡ ಕವಿಯುತ್ತದೆ, ಅದು ಸರಿಪಡಿಸಲಾಗದ ಹಾನಿ. ನ್ಯಾಯಮೂರ್ತಿ ಸ್ಟೀವನ್ಸ್ ಅದಕ್ಕೆ ತಿರುಗಿ ಬರೆದರು: ಸಿಂಧುವಾದ ಪ್ರತಿಯೊಂದು ಮತವನ್ನೂ ಎಣಿಸುವುದರಿಂದ ಯಾರಿಗೂ ಅಂಥ ಹಾನಿ ಆಗುವುದಿಲ್ಲ.

11ರಂದು ವಾದ. 12ರ ರಾತ್ರಿ ಸುಮಾರು ಹತ್ತು ಗಂಟೆಗೆ ತೀರ್ಪು. ಅದರಲ್ಲಿ ಎರಡು ಭಾಗ ಇವೆ, ಬೇರೆ ಬೇರೆಯಾಗಿ ನೋಡಬೇಕು.

ಒಂದನೆಯದು ದೋಷ. ಯಾವ ಗುಳಿ ಮತ, ಯಾವ ಗುಳಿ ಮತವಲ್ಲ ಎನ್ನುವುದಕ್ಕೆ ರಾಜ್ಯಕ್ಕೆಲ್ಲ ಒಂದೇ ಅಳತೆ ಇರಲಿಲ್ಲ. ಕೌಂಟಿಯಿಂದ ಕೌಂಟಿಗೆ ಬೇರೆ, ಒಂದೇ ಕೌಂಟಿಯಲ್ಲಿ ಮೇಜಿನಿಂದ ಮೇಜಿಗೂ ಬೇರೆ. ಪಾಮ್ ಬೀಚಿನವರು ಎಣಿಸುತ್ತಾ ಎಣಿಸುತ್ತಲೇ ಅಳತೆ ಬದಲಾಯಿಸಿದ್ದರು. ಇದು ಸಂವಿಧಾನದ 14ನೇ ತಿದ್ದುಪಡಿ ಕೊಟ್ಟಿರುವ ಸಮಾನ ರಕ್ಷಣೆಗೆ ವಿರುದ್ಧ ಎಂದಿತು ಕೋರ್ಟು. ಇಲ್ಲಿ ತೊಂದರೆ ಇದೆಯೆಂದು ಐವರಷ್ಟೇ ಹೇಳಲಿಲ್ಲ, ಭಿನ್ನಮತ ಬರೆದ ಸೌಟರ್ ಮತ್ತು ಬ್ರೇಯರ್ ಕೂಡ ಒಪ್ಪಿದರು. ನನ್ನಂಥವನಿಗೂ ಇದು ನ್ಯಾಯವೆನಿಸುತ್ತದೆ. ಇನ್‌ಪುಟ್ ಒಂದೇ ಇದ್ದರೆ ಔಟ್‌ಪುಟ್ ಒಂದೇ ಬರಬೇಕಲ್ಲವೇ?

ಎರಡನೆಯದು ಪರಿಹಾರ. ಸೌಟರ್ ಮತ್ತು ಬ್ರೇಯರ್, ಸರಿ, ಒಂದೇ ಅಳತೆ ಗೊತ್ತುಮಾಡಿ ಎಣಿಸಲಿ, ಎಲೆಕ್ಟರುಗಳು ಮತ ಹಾಕುವ ಡಿಸೆಂಬರ್ 18ರವರೆಗೆ ಸಮಯ ಇದೆ ಎಂದರು. ಬಹುಮತದ ಐವರು, ಇಲ್ಲ, ಫ್ಲೋರಿಡಾ ಡಿಸೆಂಬರ್ 12ರೊಳಗೆ ಮುಗಿಸಲು ಬಯಸಿತ್ತು, ಇವತ್ತು 12, ಇನ್ನು ಸಮಯವಿಲ್ಲ ಎಂದರು. ದಿನ ಮುಗಿಯಲು ಎರಡು ಗಂಟೆ ಇರುವಾಗ ಬಂದ ಮಾತು ಇದು! ಮೂರು ದಿನದ ಹಿಂದೆ ಎಣಿಕೆ ನಿಲ್ಲಿಸಿದ್ದೂ ಅವರೇ. ಗಡಿಯಾರ ಕಟ್ಟಿಹಾಕಿದವರೇ ಹೊತ್ತಾಯಿತು ಎಂದ ಹಾಗಾಯಿತು.

ಆ ಐವರು ರೆನ್‌ಕ್ವಿಸ್ಟ್, ಓಕಾನರ್, ಸ್ಕಾಲಿಯಾ, ಕೆನಡಿ, ಥಾಮಸ್. ಐವರನ್ನೂ ಸುಪ್ರೀಂ ಕೋರ್ಟಿಗೆ ತಂದವರು ರಿಪಬ್ಲಿಕನ್ ಅಧ್ಯಕ್ಷರು. ಮರುದಿನ ಗೋರ್ ಸೋಲೊಪ್ಪಿಕೊಂಡರು. ಬುಷ್‌ಗೆ 271 ಎಲೆಕ್ಟೋರಲ್ ಮತ.

ಗಲ್ಲಿ ಕ್ರಿಕೆಟ್ಟಿನ ನ್ಯಾಯ

"ನಾನು ಹೇಳಲಿಲ್ಲವೇ, ಪಾರ್ಟಿಯವರೇ!" ಎನ್ನುತ್ತೀರಿ. ತಡೆಯಿರಿ. ಭಿನ್ನಮತ ಬರೆದ ನಾಲ್ವರಲ್ಲಿ ಸ್ಟೀವನ್ಸ್ ಅವರನ್ನು ನೇಮಿಸಿದ್ದು ರಿಪಬ್ಲಿಕನ್ ಜೆರಾಲ್ಡ್ ಫೋರ್ಡ್. ಸೌಟರ್ ಅವರನ್ನು ನೇಮಿಸಿದ್ದು ಅಭ್ಯರ್ಥಿಯ ಅಪ್ಪ, ಹಿರಿಯ ಬುಷ್! ಇನ್ನು ಫ್ಲೋರಿಡಾದ ಕೋರ್ಟು. ಅಲ್ಲಿದ್ದ ಏಳು ಜನರಲ್ಲಿ ಆರು ಜನರನ್ನು ನೇಮಿಸಿದ್ದು ಡೆಮಾಕ್ರಟಿಕ್ ರಾಜ್ಯಪಾಲರು, ಏಳನೆಯವರನ್ನು ಇಳಿಯುತ್ತಿದ್ದ ಡೆಮಾಕ್ರಟ್ ಚೈಲ್ಸ್ ಮತ್ತು ಏರುತ್ತಿದ್ದ ಜೆಬ್ ಬುಷ್ ಇಬ್ಬರೂ ಸೇರಿ. ಹಾಗಿದ್ದರೂ ಏಳರಲ್ಲಿ ಮೂವರು ಗೋರ್ ಬೇಡಿಕೆಯನ್ನು ಒಪ್ಪಲಿಲ್ಲ. ನೇಮಕದ ಲೆಕ್ಕ ಅರ್ಧ ಕಥೆ ಹೇಳಿ ಕೈ ಎತ್ತುತ್ತದೆ.

ಹಾಗಾದರೆ ಪಕ್ಷಪಾತ ಕಂಡುಹಿಡಿಯುವುದು ಹೇಗೆ? ನಾವೆಲ್ಲ ಆಡಿದ ಗಲ್ಲಿ ಕ್ರಿಕೆಟ್ ನೆನಪಿಸಿಕೊಳ್ಳಿ. ಅಂಪೈರ್ ಯಾರು? ಬ್ಯಾಟಿಂಗ್ ತಂಡದ ಹುಡುಗನೇ! ಅವನಿಗೆ ಪಕ್ಷ ಇರುವುದು ಎಲ್ಲರಿಗೂ ಗೊತ್ತು. ಆದರೂ ಆಟ ಹೇಗೋ ನಡೆಯುತ್ತಿತ್ತು. ಯಾಕೆಂದರೆ ಇನ್ನರ್ಧ ಗಂಟೆಗೆ ಅವರು ಬೌಲಿಂಗಿಗೆ ಬರಬೇಕು. ಈಗ "ಕಾಂಪೌಂಡಿಗೆ ತಾಗಿದರೆ ಔಟಿಲ್ಲ" ಎಂದವನಿಗೆ ಆಮೇಲೆ ಅದೇ ರೂಲ್ಸು ತನ್ನ ಬೌಲಿಂಗಿನಲ್ಲೂ ಬರುತ್ತದೆಂಬ ಭಯ. ಅಂಪೈರ್ ಯಾವ ತಂಡದವನು ಎನ್ನುವುದಕ್ಕಿಂತ, ಒಂದು ಸಲ ಹೇಳಿದ ರೂಲ್ಸು ಎರಡೂ ಇನ್ನಿಂಗ್ಸಿಗೆ ನಿಲ್ಲುತ್ತದೆಯೇ ಎನ್ನುವುದರಲ್ಲಿ ಆಟದ ಜೀವ ಇತ್ತು.

ಇದೇ ಆ ಪರೀಕ್ಷೆ. ತೀರ್ಪಿನಲ್ಲಿ ಎರಡು ಹೆಸರುಗಳನ್ನು ಅದಲು ಬದಲು ಮಾಡಿ ನೋಡಿ. ಪ್ರೋಗ್ರಾಂ ಟೆಸ್ಟ್ ಮಾಡುವಾಗ ನಾವು ಮಾಡುವುದೂ ಇದನ್ನೇ. ಬುಷ್ 537 ಹಿಂದಿದ್ದು ಗೋರ್ ಮುಂದಿದ್ದರೆ ಅದೇ ನ್ಯಾಯಮೂರ್ತಿಗಳು ಅದೇ ತೀರ್ಪು ಬರೆಯುತ್ತಿದ್ದರೇ?

ಇದಕ್ಕೆ ಪುರಾವೆ ಅವರ ಹಿಂದಿನ ತೀರ್ಪುಗಳಲ್ಲೇ ಸಿಗುತ್ತದೆ. ಅದೇ 2000ದ ಮೇ ತಿಂಗಳಲ್ಲಿ ಮಾರಿಸನ್ ಎಂಬ ಮೊಕದ್ದಮೆಯಲ್ಲಿ ಇದೇ ಐವರು, ದೌರ್ಜನ್ಯಕ್ಕೊಳಗಾದ ಮಹಿಳೆಯರಿಗೆ ಫೆಡರಲ್ ಕೋರ್ಟಿಗೆ ಹೋಗುವ ಹಕ್ಕು ಕೊಟ್ಟಿದ್ದ ಕಾನೂನನ್ನು ಹೊಡೆದುಹಾಕಿದ್ದರು. ರಾಜ್ಯಗಳ ವಿಷಯದಲ್ಲಿ ಫೆಡರಲ್ ಸರ್ಕಾರ ಕೈ ಹಾಕಬಾರದು ಎನ್ನುವುದು ಅವರ ತತ್ವ. ಏಳೇ ತಿಂಗಳಲ್ಲಿ, ಒಂದು ರಾಜ್ಯದ ಕೋರ್ಟು ಆ ರಾಜ್ಯದ ಚುನಾವಣಾ ಕಾನೂನಿಗೆ ಹೇಳಿದ ಅರ್ಥವನ್ನು ಅದೇ ಐವರು ಬದಿಗೆ ಸರಿಸಿದರು. ಇತ್ತ ಮಾರಿಸನ್‌ನಲ್ಲಿ ಫೆಡರಲ್ ಅಧಿಕಾರದ ಪರ ನಿಂತಿದ್ದ ನಾಲ್ವರು ಈಗ ರಾಜ್ಯದ ಕೋರ್ಟಿಗೆ ಗೌರವ ಕೊಡಿ ಎಂದರು. ಎರಡೂ ಕಡೆಯವರು ಅಂಗಿ ಬದಲಾಯಿಸಿಕೊಂಡ ಹಾಗೆ ಕಾಣುತ್ತದೆ.

ಆದರೆ ನನ್ನ ಕಣ್ಣಿಗೆ ಬಹುಮತದ ತೀರ್ಪನ್ನು ಸೋಲಿಸುವ ಒಂದು ವಾಕ್ಯ ಅದರೊಳಗೇ ಇದೆ. ಚುನಾವಣೆಗಳಲ್ಲಿ ಸಮಾನ ರಕ್ಷಣೆಯ ಪ್ರಶ್ನೆ ಬಹಳ ಜಟಿಲವಾದದ್ದು, ಆದ್ದರಿಂದ ನಮ್ಮ ವಿಚಾರ ಈಗಿನ ಸನ್ನಿವೇಶಕ್ಕೆ ಮಾತ್ರ ಸೀಮಿತ ಎಂದು ಅವರು ಬರೆದರು. ಯೋಚಿಸಿ ನೋಡಿ. ಒಂದೇ ರಾಜ್ಯದಲ್ಲಿ ಒಂದು ಕೌಂಟಿಯಲ್ಲಿ ಪಂಚ್ ಕಾರ್ಡ್, ಪಕ್ಕದ್ದರಲ್ಲಿ ಆಪ್ಟಿಕಲ್ ಸ್ಕ್ಯಾನ್. ಒಂದರಲ್ಲಿ ಹೆಚ್ಚು ಮತ ವ್ಯರ್ಥ, ಇನ್ನೊಂದರಲ್ಲಿ ಕಡಿಮೆ. ಅಳತೆ ಬೇರೆಯಾಗಿದ್ದರೆ ಸಮಾನತೆಗೆ ಭಂಗ ಎನ್ನುವುದು ನಿಜವಾದರೆ ದೇಶದ ಅರ್ಧ ಚುನಾವಣೆಗಳು ತಪ್ಪು. ಆ ಮಾತನ್ನು ಅವರು ಹೇಳಲಿಲ್ಲ. ಎರಡನೇ ಇನ್ನಿಂಗ್ಸೇ ಇಲ್ಲ ಎಂದುಬಿಟ್ಟರು! ನಮ್ಮ ಕೆಲಸದಲ್ಲಿ ಒಬ್ಬನೇ ಗಿರಾಕಿಯ ಹೆಸರನ್ನು ಕೋಡಿನೊಳಗೆ ಬರೆದು, ಅವನಿಗಷ್ಟೇ ಬೇರೆ ಉತ್ತರ ಬರುವಂತೆ ಮಾಡಿದರೆ ಅದನ್ನು ರೂಲ್ ಎನ್ನುವುದಿಲ್ಲ.

ಪಾಸಾದವರೂ ಇದ್ದರು

ಅದೇ ದಿನಗಳಲ್ಲಿ ಫ್ಲೋರಿಡಾದಲ್ಲಿ ಇನ್ನೊಂದು ಮೊಕದ್ದಮೆ ನಡೆಯಿತು. ಅದರ ಹೆಸರು ಹೆಚ್ಚು ಜನಕ್ಕೆ ಗೊತ್ತಿಲ್ಲ. ಸೆಮಿನೋಲ್ ಕೌಂಟಿಯಲ್ಲಿ ಅಂಚೆ ಮತಪತ್ರ ಕೇಳಿ ಬಂದ ರಿಪಬ್ಲಿಕನ್ನರ ಅರ್ಜಿಗಳಲ್ಲಿ ಮತದಾರರ ನಂಬರು ಬಿಟ್ಟುಹೋಗಿತ್ತು. ಚುನಾವಣಾ ಕಚೇರಿಯೊಳಗೇ ಕೂತು ಆ ನಂಬರು ತುಂಬಲು ರಿಪಬ್ಲಿಕನ್ ಪಕ್ಷದ ಕಾರ್ಯಕರ್ತರಿಗೆ ಅವಕಾಶ ಕೊಡಲಾಗಿತ್ತು. ಇದು ಅಕ್ರಮ, ಆ ಕೌಂಟಿಯ ಸುಮಾರು 15,000 ಅಂಚೆ ಮತಗಳನ್ನೇ ತಳ್ಳಿಹಾಕಿ ಎಂದು ದಾವೆ. ಹಾಗೆ ತಳ್ಳಿಹಾಕಿದ್ದರೆ 537 ಎಲ್ಲಿ ಉಳಿಯುತ್ತಿತ್ತು? ಗೋರ್ ಅಧ್ಯಕ್ಷರಾಗಿಬಿಡುತ್ತಿದ್ದರು.

ದಾವೆ ಬಂದದ್ದು ನ್ಯಾಯಾಧೀಶೆ ನಿಕ್ಕಿ ಕ್ಲಾರ್ಕ್ ಮುಂದೆ. ಕಪ್ಪು ಜನಾಂಗದ ಮಹಿಳೆ, ಡೆಮಾಕ್ರಟಿಕ್ ರಾಜ್ಯಪಾಲರಿಂದ ನೇಮಕವಾದವರು. ಅದಕ್ಕೆ ಸ್ವಲ್ಪ ದಿನ ಮುಂಚೆ ಮೇಲಿನ ಕೋರ್ಟಿಗೆ ಬಡ್ತಿ ಕೇಳಿದ್ದಾಗ ಜೆಬ್ ಬುಷ್ ಅವರನ್ನು ಬಿಟ್ಟು ಬೇರೆಯವರನ್ನು ಆರಿಸಿದ್ದರು. ಈಕೆ ಸೇಡು ತೀರಿಸಿಕೊಳ್ಳುತ್ತಾರೆಂಬ ಅಂಜಿಕೆಯಿಂದ ರಿಪಬ್ಲಿಕನ್ ವಕೀಲರು ನೀವು ಹಿಂದೆ ಸರಿಯಿರಿ ಎಂದು ಅರ್ಜಿ ಹಾಕಿದರು. ಆಕೆ ಸರಿಯಲಿಲ್ಲ. ಡಿಸೆಂಬರ್ 8ರಂದು ತೀರ್ಪು ಕೊಟ್ಟರು: ಕಚೇರಿಯವರು ಮಾಡಿದ್ದು ಸರಿಯಲ್ಲ, ಆದರೆ ಮತ ಹಾಕಿದವರ ತಪ್ಪೇನೂ ಇಲ್ಲ, ಮತಗಳು ಊರ್ಜಿತ. ಗೆದ್ದವರು ಬುಷ್! ನಾಲ್ಕೇ ದಿನದಲ್ಲಿ ಫ್ಲೋರಿಡಾದ ಸುಪ್ರೀಂ ಕೋರ್ಟು, ಅದೇ "ಡೆಮಾಕ್ರಟ್ ಕೋರ್ಟು" ಎಂದು ಬೈಸಿಕೊಂಡ ಕೋರ್ಟು, ಅದನ್ನು ಎತ್ತಿಹಿಡಿಯಿತು.

ಗಮನಿಸಿ, ಆ ನ್ಯಾಯಾಲಯದ ರೂಲ್ಸು ಎರಡೂ ಇನ್ನಿಂಗ್ಸಿನಲ್ಲಿ ಒಂದೇ ಆಗಿತ್ತು. ಸಣ್ಣ ತಾಂತ್ರಿಕ ದೋಷಕ್ಕಾಗಿ ಮತದಾರನ ಮತ ಕಳೆಯಬಾರದು. ಆ ರೂಲ್ಸು ಅಂಡರ್‌ವೋಟ್ ವಿಷಯದಲ್ಲಿ ಗೋರ್‌ಗೆ ಅನುಕೂಲ, ಅಂಚೆ ಮತದ ವಿಷಯದಲ್ಲಿ ಬುಷ್‌ಗೆ ಅನುಕೂಲ. ಹೆಸರು ಬದಲಾಯಿಸಿದರೂ ಉತ್ತರ ಬದಲಾಗಲಿಲ್ಲ.

ಹಳೆಯ ಗಾಯವೊಂದು

ಅಮೆರಿಕಕ್ಕೆ ಇದು ಹೊಸದೇನೂ ಆಗಿರಲಿಲ್ಲ. 1876ರಲ್ಲಿ ಡೆಮಾಕ್ರಟ್ ಟಿಲ್ಡನ್‌ಗೆ 184 ಎಲೆಕ್ಟೋರಲ್ ಮತ ಬಂದಿತ್ತು, ಬೇಕಾಗಿದ್ದದ್ದು 185. ಫ್ಲೋರಿಡಾ (ಆಗಲೂ ಅದೇ!), ಲೂಸಿಯಾನಾ, ದಕ್ಷಿಣ ಕೆರೊಲಿನಾ ಮತ್ತು ಆರಿಗನ್‌ನ ಒಂದು, ಒಟ್ಟು 20 ಮತಗಳ ಮೇಲೆ ತಕರಾರು. ತೀರ್ಮಾನಕ್ಕೆ 15 ಜನರ ಆಯೋಗ ಮಾಡಿದರು: ಐವರು ಸೆನೆಟರುಗಳು, ಐವರು ಕೆಳಮನೆಯವರು, ಐವರು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳು. ಪಕ್ಷದ ಲೆಕ್ಕದಲ್ಲಿ ಏಳು-ಏಳು, ಹದಿನೈದನೆಯವರು ಯಾವ ಪಕ್ಷಕ್ಕೂ ಸೇರದ ಡೇವಿಡ್ ಡೇವಿಸ್ ಆಗಲಿ ಎಂದು ಎಲ್ಲರ ನಿರೀಕ್ಷೆ. ಅಷ್ಟರಲ್ಲಿ ಇಲಿನಾಯ್ ವಿಧಾನಸಭೆ ಡೇವಿಸ್ ಅವರನ್ನು ಸೆನೆಟಿಗೆ ಆರಿಸಿತು, ಅವರು ಆಯೋಗಕ್ಕೆ ಬರಲಿಲ್ಲ. ಅವರ ಜಾಗಕ್ಕೆ ಬಂದವರು ರಿಪಬ್ಲಿಕನ್ ಬ್ರ್ಯಾಡ್ಲಿ. ನಾಲ್ಕೂ ರಾಜ್ಯಗಳ ಮತ 8-7ರಿಂದ ರಿಪಬ್ಲಿಕನ್ ಹೇಯ್ಸ್‌ಗೆ ಹೋಯಿತು. 185-184!

ನಿಷ್ಪಕ್ಷಪಾತಕ್ಕೆಂದು ನ್ಯಾಯಮೂರ್ತಿಗಳನ್ನು ಕರೆದರು, ಕೊನೆಗೆ ಅವರ ತಲೆಯನ್ನೂ ಪಕ್ಷದ ಲೆಕ್ಕದಲ್ಲೇ ಎಣಿಸಬೇಕಾಯಿತು. ಆ ಜಗಳ ಇತ್ಯರ್ಥವಾದ ಬೆನ್ನಲ್ಲೇ ದಕ್ಷಿಣದ ರಾಜ್ಯಗಳಲ್ಲಿ ಕಾವಲಿದ್ದ ಫೆಡರಲ್ ಸೈನ್ಯ ಹಿಂದೆ ಸರಿಯಿತು. ಅಲ್ಲಿನ ಕಪ್ಪು ಜನ ಕೈಗೆ ಬಂದಿದ್ದ ಮತದ ಹಕ್ಕನ್ನು ಕ್ರಮೇಣ ಕಳೆದುಕೊಂಡು, ಅದಕ್ಕಾಗಿ ಮತ್ತೆ ದಶಕಗಟ್ಟಲೆ ಹೋರಾಡಬೇಕಾಯಿತು. ಬೆಲೆ ತೆತ್ತವರು ಟಿಲ್ಡನ್ ಅಲ್ಲ. ಒಂದು ವಿಚಿತ್ರ ಏನೆಂದರೆ, 2000ದ ತೀರ್ಪಿನಲ್ಲಿ ಭಾಗಿಯಾದ ಮುಖ್ಯ ನ್ಯಾಯಮೂರ್ತಿ ರೆನ್‌ಕ್ವಿಸ್ಟ್ ಅವರೇ 2004ರಲ್ಲಿ ಈ 1876ರ ತಕರಾರಿನ ಬಗ್ಗೆ ಒಂದು ಪುಸ್ತಕ ಪ್ರಕಟಿಸಿದರು.

ನಮ್ಮ ಕಡೆ?

"ನಮ್ಮಲ್ಲಿ ಹೀಗಾಗಿದ್ದರೆ?" ಎಂಬ ಪ್ರಶ್ನೆ ಸಹಜ. ಭಾರತದಲ್ಲೂ ರಾಷ್ಟ್ರಪತಿ ಚುನಾವಣೆಯ ತಕರಾರು ನೇರವಾಗಿ ಸುಪ್ರೀಂ ಕೋರ್ಟಿಗೆ ಹೋಗುತ್ತದೆ, ಸಂವಿಧಾನದ 71ನೇ ವಿಧಿಯಲ್ಲಿ ಅದು ಬರೆದಿದೆ. 1969ರಲ್ಲಿ ಹಾಗೇ ಆಯಿತು. ಆ ಕಥೆಯ ಒಂದು ಮುಖ್ಯ ಅಂಕ ನಡೆದದ್ದು ಬೆಂಗಳೂರಿನಲ್ಲಿ. ನಮ್ಮ ಎಸ್. ನಿಜಲಿಂಗಪ್ಪನವರು ಕಾಂಗ್ರೆಸ್ ಅಧ್ಯಕ್ಷರಾಗಿದ್ದ ಕಾಲ. ಜುಲೈ ತಿಂಗಳ ಬೆಂಗಳೂರು ಸಭೆಯಲ್ಲಿ ಸಂಜೀವ ರೆಡ್ಡಿಯವರೇ ಅಭ್ಯರ್ಥಿ ಎಂದು ತೀರ್ಮಾನವಾಯಿತು. ಇಂದಿರಾ ಗಾಂಧಿ ಆತ್ಮಸಾಕ್ಷಿಯ ಮತಕ್ಕೆ ಕರೆ ಕೊಟ್ಟರು, ಎರಡನೇ ಪ್ರಾಶಸ್ತ್ಯದ ಮತಗಳನ್ನೂ ಎಣಿಸಿದ ಮೇಲೆ ಗೆದ್ದವರು ವಿ.ವಿ. ಗಿರಿ. ಅದಕ್ಕೆ ಮುಂಚೆ 1965ರಿಂದ 1967ರವರೆಗೆ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದವರೇ ಅವರು. ರೆಡ್ಡಿಯವರ ವಿರುದ್ಧ ಕೀಳು ಕರಪತ್ರ ಹಂಚಲಾಗಿತ್ತೆಂದು ಕೋರ್ಟಿಗೆ ಅರ್ಜಿ ಹೋಯಿತು. ಅಧಿಕಾರದಲ್ಲಿದ್ದ ರಾಷ್ಟ್ರಪತಿ ಖುದ್ದಾಗಿ ಕೋರ್ಟಿಗೆ ಬಂದು ಸಾಕ್ಷಿ ಹೇಳಿದರು! 1970ರಲ್ಲಿ ಅರ್ಜಿ ವಜಾ ಆಯಿತು. ಒಂದು ವ್ಯತ್ಯಾಸ ಗಮನಿಸಿ. ಅಲ್ಲಿ ಕೋರ್ಟು ಬಂದದ್ದು ಎಣಿಕೆ ಮುಗಿದು ಫಲಿತಾಂಶ ಬಂದ ಮೇಲೆ, ಸಾಕ್ಷಿ ವಿಚಾರಣೆಗೆ ಸಮಯ ತೆಗೆದುಕೊಂಡು. ಫ್ಲೋರಿಡಾದಲ್ಲಿ ಕೋರ್ಟು ಬಂದದ್ದು ಎಣಿಕೆಯ ನಡುವೆ.

ಪಕ್ಷದ ಹಿನ್ನೆಲೆ ಇದ್ದವರೆಲ್ಲ ಪಕ್ಷಪಾತಿಗಳೇ ಎನ್ನುವವರಿಗೆ ನಾನು ಕಾರ್ಕಳ ತಾಲೂಕಿನ ಕೆ.ಎಸ್. ಹೆಗ್ಡೆಯವರ ಹೆಸರು ಹೇಳುತ್ತೇನೆ. 1952ರಿಂದ 1957ರವರೆಗೆ ಕಾಂಗ್ರೆಸ್ಸಿನ ರಾಜ್ಯಸಭಾ ಸದಸ್ಯರು. ಅಲ್ಲಿಂದ ನೇರ ಮೈಸೂರು ಹೈಕೋರ್ಟಿಗೆ, 1967ರಲ್ಲಿ ಸುಪ್ರೀಂ ಕೋರ್ಟಿಗೆ. ಇವರು ಸರ್ಕಾರದ ಮನುಷ್ಯ ಎಂದು ಯಾರಾದರೂ ಭವಿಷ್ಯ ಹೇಳಬಹುದಿತ್ತು. ಆದರೆ 1973ರ ಏಪ್ರಿಲ್‌ನಲ್ಲಿ, ಸಂವಿಧಾನದ ಮೂಲ ಸ್ವರೂಪವನ್ನು ಸಂಸತ್ತೂ ಕೆಡಿಸಬಾರದು ಎಂದ ಕೇಶವಾನಂದ ಭಾರತಿ ತೀರ್ಪಿನಲ್ಲಿ ಅವರು ಕಾಂಗ್ರೆಸ್ ಸರ್ಕಾರದ ವಾದಕ್ಕೆ ವಿರುದ್ಧವಾಗಿ ನಿಂತರು. ಅದರ ಬೆನ್ನಿಗೇ ಶೆಲಾಟ್, ಹೆಗ್ಡೆ, ಗ್ರೋವರ್ ಮೂವರ ಹಿರಿತನ ಬದಿಗೊತ್ತಿ ಎ.ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿ ಮಾಡಲಾಯಿತು. ಮೂವರೂ ರಾಜೀನಾಮೆ ಕೊಟ್ಟು ಹೊರನಡೆದರು. ಹಳೆಯ ಪಕ್ಷದ ಋಣ ಅವರ ಪೆನ್ನನ್ನು ಹಿಡಿದಿರಲಿಲ್ಲ. ಅದಕ್ಕೆ ಅವರು ಕುರ್ಚಿಯನ್ನೇ ಬೆಲೆಯಾಗಿ ತೆರಬೇಕಾಯಿತು.

ಆಮೇಲೆ ಏನಾಯಿತು?

ಪತ್ರಿಕೆಗಳ ಒಂದು ಒಕ್ಕೂಟ ಫ್ಲೋರಿಡಾದ ಆ 1,75,000 ಚೀಟಿಗಳನ್ನು ಒಂದೊಂದಾಗಿ ಪರೀಕ್ಷೆ ಮಾಡಿಸಿ 2001ರ ನವೆಂಬರಿನಲ್ಲಿ ಫಲಿತಾಂಶ ಪ್ರಕಟಿಸಿತು. ಗೋರ್ ಕೇಳಿದಂತೆ ನಾಲ್ಕು ಕೌಂಟಿಗಳಲ್ಲಿ ಎಣಿಸಿದ್ದರೂ ಬುಷ್ ಗೆಲ್ಲುತ್ತಿದ್ದರು. ಫ್ಲೋರಿಡಾ ಕೋರ್ಟು ಹೇಳಿದಂತೆ ಅಂಡರ್‌ವೋಟ್ ಎಣಿಸಿದ್ದರೂ ಬಹುತೇಕ ಬುಷ್‌ಗೇ ಗೆಲುವು. ಆದರೆ ಓವರ್‌ವೋಟ್ ಸೇರಿಸಿ ಇಡೀ ರಾಜ್ಯದ ಎಲ್ಲ ಚೀಟಿಗಳನ್ನೂ ಎಣಿಸಿದ್ದರೆ ಗೋರ್ ಕೂದಲೆಳೆಯಲ್ಲಿ ಮುಂದೆ! ಸ್ಕಾಲಿಯಾ ಹೆದರಿದ ಮೋಡವನ್ನು ತಡೆಯಾಜ್ಞೆ ಚದುರಿಸಲಿಲ್ಲ, ಅಲ್ಲೇ ನಿಲ್ಲಿಸಿತು. ಎಣಿಸಲು ಬಿಟ್ಟಿದ್ದರೆ ಬುಷ್ ಅವರೇ ಯಾರೂ ಬೆರಳು ತೋರಿಸದಂತೆ ಗೆದ್ದು ಬರುವ ಸಾಧ್ಯತೆ ಹೆಚ್ಚಿತ್ತು. ಐವರಲ್ಲಿ ಒಬ್ಬರಾದ ಓಕಾನರ್ 2013ರಲ್ಲಿ, ಬಹುಶಃ ಆ ಮೊಕದ್ದಮೆಯನ್ನು ಕೋರ್ಟು ಕೈಗೆತ್ತಿಕೊಳ್ಳಬಾರದಿತ್ತೇನೋ ಎಂಬ ಅರ್ಥದ ಮಾತಾಡಿದರು.

2020ರಲ್ಲಿ ಮತ್ತೆ ತಕರಾರು ಬಂತು. ಟ್ರಂಪ್ ಮತ್ತು ಅವರ ಬೆಂಬಲಿಗರ 60ಕ್ಕೂ ಹೆಚ್ಚು ದಾವೆಗಳು ಹೆಚ್ಚುಕಡಿಮೆ ಎಲ್ಲವೂ ಬಿದ್ದುಹೋದವು. ಪೆನ್ಸಿಲ್ವೇನಿಯಾದ ದಾವೆಯನ್ನು ಮೇಲ್ಮನವಿ ಕೋರ್ಟಿನಲ್ಲಿ ತಿರಸ್ಕರಿಸಿ ತೀರ್ಪು ಬರೆದ ಸ್ಟೆಫನೋಸ್ ಬಿಬಾಸ್ ಟ್ರಂಪ್ ಅವರೇ ನೇಮಿಸಿದ ನ್ಯಾಯಾಧೀಶರು. ಟೆಕ್ಸಾಸ್ ರಾಜ್ಯ ತಂದ ದಾವೆಯನ್ನು ಸುಪ್ರೀಂ ಕೋರ್ಟು ಡಿಸೆಂಬರ್ 11ರಂದು ತಳ್ಳಿಹಾಕಿದಾಗ ಅಲ್ಲಿ ಟ್ರಂಪ್ ನೇಮಿಸಿದ ಮೂವರು ಕೂತಿದ್ದರು.

ಇನ್ನೂ ಒಂದು. 2000ದ ತೀರ್ಪಿನ ಜೊತೆ ರೆನ್‌ಕ್ವಿಸ್ಟ್ ಒಂದು ಪ್ರತ್ಯೇಕ ಅಭಿಪ್ರಾಯ ಬರೆದಿದ್ದರು. ಅಧ್ಯಕ್ಷರ ಚುನಾವಣೆಯ ವಿಷಯದಲ್ಲಿ ರಾಜ್ಯದ ವಿಧಾನಸಭೆಗೆ ವಿಶೇಷ ಅಧಿಕಾರ ಇದೆ, ರಾಜ್ಯದ ಕೋರ್ಟು ಅದರ ಕಾನೂನನ್ನು ಹಿಂಜಬಾರದು ಎಂಬ ವಾದ. ಆ ಬೀಜವೇ ಬೆಳೆದು, ಫೆಡರಲ್ ಚುನಾವಣೆಗಳಲ್ಲಿ ವಿಧಾನಸಭೆ ಏನು ಮಾಡಿದರೂ ರಾಜ್ಯದ ಕೋರ್ಟು ಕೇಳುವಂತಿಲ್ಲ ಎಂಬಷ್ಟು ದೊಡ್ಡ ಮರವಾಯಿತು. 2023ರ ಜೂನ್‌ನಲ್ಲಿ ಮೂರ್ ಎಂಬ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಅದನ್ನು 6-3ರಿಂದ ಕಡಿದುಹಾಕಿತು. ಆ ಆರು ಜನರಲ್ಲಿ ರಾಬರ್ಟ್ಸ್, ಕ್ಯಾವನಾ ಮತ್ತು ಬ್ಯಾರೆಟ್ ಇದ್ದರು. ಮೂವರೂ 2000ದಲ್ಲಿ ಬುಷ್ ಪರವಾಗಿ ಕೆಲಸ ಮಾಡಿದ ವಕೀಲರು!

ಅಂದ ಮಾತ್ರಕ್ಕೆ ಎಲ್ಲ ಸರಿಹೋಯಿತು, ಇನ್ನು ನಿದ್ದೆ ಮಾಡಬಹುದು ಎಂದು ನಾನು ಹೇಳುತ್ತಿಲ್ಲ. ನ್ಯಾಯಾಧೀಶರಿಗೂ ಒಲವುಗಳಿರುತ್ತವೆ, ಕೆಲವು ಸಲ ಅವು ಗೆಲ್ಲುತ್ತವೆ. 2000ದಲ್ಲಿ ಗೆದ್ದವು ಎಂದೇ ನನ್ನ ಅಭಿಪ್ರಾಯ. ಸ್ಟೀವನ್ಸ್ ತಮ್ಮ ಭಿನ್ನಮತದ ಕೊನೆಯಲ್ಲಿ ಹೇಳಿದ್ದೂ ಇದನ್ನೇ: ಆ ವರ್ಷ ಗೆದ್ದವರು ಯಾರೆಂದು ಎಂದಿಗೂ ಪೂರ್ತಿ ಖಚಿತವಾಗಿ ತಿಳಿಯದಿರಬಹುದು, ಸೋತದ್ದು ಮಾತ್ರ ನ್ಯಾಯಾಧೀಶರ ಮೇಲೆ ಈ ದೇಶ ಇಟ್ಟಿದ್ದ ನಂಬಿಕೆ. ಆದರೆ "ಎಲ್ಲರೂ ಪಾರ್ಟಿಯವರೇ" ಎಂದು ಒಂದೇ ಉಸಿರಿನಲ್ಲಿ ಅಂದುಬಿಟ್ಟರೆ ನಿಕ್ಕಿ ಕ್ಲಾರ್ಕ್‌ಗೂ ಬ್ರ್ಯಾಡ್ಲಿಗೂ ವ್ಯತ್ಯಾಸವೇ ಉಳಿಯುವುದಿಲ್ಲ. ಸರಿಯಾಗಿ ನಡೆದುಕೊಂಡವರಿಗೆ ಮರ್ಯಾದೆ ಸಿಗದ ಊರಿನಲ್ಲಿ ಸರಿಯಾಗಿ ನಡೆದುಕೊಳ್ಳುವವರು ಎಷ್ಟು ದಿನ ಇರುತ್ತಾರೆ?

ಈ ಪರೀಕ್ಷೆ ನಮಗೂ ಅನ್ವಯಿಸುತ್ತದೆ. ಮುಂದಿನ ಸಲ ಒಂದು ತೀರ್ಪು ಬಂದಾಗ, ಅದು ನಮಗೆ ಬೇಕಾದವರ ಪರವಾಗಿದ್ದರೂ ಸರಿ, ಹೆಸರುಗಳನ್ನು ಅದಲು ಬದಲು ಮಾಡಿ ಒಮ್ಮೆ ಓದೋಣ. ಆಗಲೂ ಒಪ್ಪಿಗೆಯಾದರೆ ಅದು ನ್ಯಾಯ. ಹೊಟ್ಟೆಯಲ್ಲಿ ಏನೋ ಚುಚ್ಚಿದರೆ ಇನ್ನೊಮ್ಮೆ ಯೋಚಿಸೋಣ. ಮತ ಹಾಕುವ ಹಕ್ಕು ಪಡೆದ ನಮಗೆ ಇಷ್ಟು ಕೆಲಸ ಹೆಚ್ಚೇನಲ್ಲ.

ನೀವು ಏನು ಹೇಳುತ್ತೀರಿ? ಒಪ್ಪದಿದ್ದರೆ ಖಂಡಿತ ಬರೆದು ತಿಳಿಸಿ.

ನಿಮ್ಮವನೇ ಆದ ಒಬ್ಬ ಸದಸ್ಯ